ದೊಡ್ಡ ಡಿಸ್ಕ್ ಆಮೇಲೆ ತಗೊಳ್ಳಿ, ಮೊದಲು ಒಂದು ಸಲ ರಿಸ್ಟೋರ್ ಮಾಡಿ

ಆಫೀಸಿನ ಬ್ಯಾಕಪ್ ಬಗ್ಗೆ ನೀವು ಬರೆದ ಪೋಸ್ಟ್ ಓದಿದೆ. ನೆಟ್‌ವರ್ಕ್‌ಗೆ ಹಾಕಿ ಎಲ್ಲರೂ ಬಳಸುವ ಡಿಸ್ಕ್ ಪೆಟ್ಟಿಗೆ, ಅಂದರೆ ನಾಸ್‌ನಲ್ಲಿ ಎರಡು ಡಿಸ್ಕ್ ರೇಡ್ 1 (ಎರಡರಲ್ಲೂ ಒಂದೇ ಡೇಟಾ), ಅದರ ಹಿಂದೆ ಯಾವಾಗಲೂ ಚುಚ್ಚಿಯೇ ಇರುವ ಯುಎಸ್‌ಬಿ ಡ್ರೈವ್, ಮೇಲೆ ಗೂಗಲ್ ಡ್ರೈವ್ ಸಿಂಕ್ (ಇಲ್ಲಿ ಬದಲಾದದ್ದು ತಾನೇ ಅಲ್ಲೂ ಬದಲಾಗುವುದು). ಮೂರು ಕಾಪಿ ಇದೆ, ಈಗ 8 ಟಿಬಿ ಡಿಸ್ಕ್ ಯಾವ ಕಂಪನಿದು ಒಳ್ಳೆಯದು ಅಂತ ಕೇಳಿದ್ದೀರಿ. ದಯವಿಟ್ಟು ಸ್ವಲ್ಪ ತಡೆಯಿರಿ, ಮೊದಲು ಒಂದು ಸಲ ರಿಸ್ಟೋರ್ ಮಾಡಿ, ಅಂದರೆ ಬ್ಯಾಕಪ್‌ನಿಂದ ಡೇಟಾ ವಾಪಸ್ ತೆಗೆದು ನೋಡಿ. ನಾನು ಲೆಕ್ಕಪತ್ರ ನೋಡಿಕೊಳ್ಳುತ್ತಿದ್ದ ಒಂದು ಆಫೀಸಿನಲ್ಲಿ ಹೆಚ್ಚುಕಡಿಮೆ ಇದೇ ವ್ಯವಸ್ಥೆ ಇತ್ತು. ಅದು ಕೈಕೊಟ್ಟಾಗ ಏನೇನಾಯಿತು ಅಂತ ಹತ್ತಿರದಿಂದ ನೋಡಿದ್ದೇನೆ, ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ನೀವು ಎಣಿಸಿದ ಮೂರು ಕಾಪಿಗಳೂ ಒಂದೇ ಏಟಿಗೆ ಹೋಗುವಂಥವು. ರೇಡ್ ಇರುವುದು ಡಿಸ್ಕ್ ಕೆಟ್ಟಾಗ ಕೆಲಸ ನಿಲ್ಲದಿರಲಿ ಅಂತ, ಅಷ್ಟೇ. ಯಾರೋ ತಪ್ಪಿ ಫೋಲ್ಡರ್ ಡಿಲೀಟ್ ಮಾಡಿದರೆ ಆ ಕ್ಷಣವೇ ಎರಡೂ ಡಿಸ್ಕ್‌ನಿಂದ ಹೋಗುತ್ತದೆ. ರಾನ್ಸಮ್‌ವೇರ್ (ಫೈಲುಗಳನ್ನು ಲಾಕ್ ಮಾಡಿ ಹಣ ಕೇಳುವ ವೈರಸ್) ನುಗ್ಗಿದರೆ ಚುಚ್ಚಿರುವ ಡ್ರೈವನ್ನು ಬಿಡುತ್ತದಾ? 2017ರ ವಾನಾಕ್ರೈಯಿಂದ ಹಿಡಿದು ಇಂಥ ಅನೇಕ ವೈರಸ್‌ಗಳು ವಿಂಡೋಸ್ ಶ್ಯಾಡೋ ಕಾಪಿಗಳನ್ನೇ (ವಿಂಡೋಸ್ ತಾನೇ ಇಟ್ಟುಕೊಳ್ಳುವ ಹಳೇ ಕಾಪಿಗಳು) ಹುಡುಕಿ ಅಳಿಸುತ್ತವೆ. ಸಿಂಕ್ ಅಂತೂ ಲಾಕ್ ಆದ ಫೈಲುಗಳನ್ನೇ ನಿಷ್ಠೆಯಿಂದ ಮೇಲೆ ಕಳಿಸುತ್ತದೆ. ಗೂಗಲ್ ಡ್ರೈವ್‌ನಲ್ಲಿ ಅಳಿಸಿದ ಫೈಲು ಟ್ರ್ಯಾಶ್‌ನಲ್ಲಿ ಇರುವುದು 30 ದಿನ. ಹೋದ ವರ್ಷದ ಫೋಲ್ಡರ್ ಇಲ್ಲ ಅಂತ ನಿಮಗೆ ಗೊತ್ತಾಗುವುದು ವರ್ಷದ ಲೆಕ್ಕ ಮುಗಿಸಲು ಕೂತಾಗ, ಅಷ್ಟರಲ್ಲಿ ಆ 30 ದಿನ ಯಾವಾಗಲೋ ದಾಟಿರುತ್ತದೆ.

ಆ ಆಫೀಸಿನಲ್ಲಿ ಆಗಿದ್ದು ರಾನ್ಸಮ್‌ವೇರ್ ಕೂಡ ಅಲ್ಲ. ಅಕೌಂಟಿಂಗ್ ಸಾಫ್ಟ್‌ವೇರ್ ಹೊಸ ವರ್ಷನ್‌ಗೆ ಹಾಕಿದಾಗ ಡೇಟಾ ಫೋಲ್ಡರ್‌ನ ಜಾಗ ಬದಲಾಯಿತು. ಬ್ಯಾಕಪ್ ಜಾಬ್‌ಗೆ ಅದು ಗೊತ್ತಿಲ್ಲ, ಅದು ಪ್ರತಿ ರಾತ್ರಿ ಹಳೇ ಫೋಲ್ಡರನ್ನೇ ಶ್ರದ್ಧೆಯಿಂದ ಕಾಪಿ ಮಾಡುತ್ತಾ ಇತ್ತು. ಬೆಳಗ್ಗೆ ನೋಡಿದರೆ ಹಸಿರು ಟಿಕ್, 'ಯಶಸ್ವಿಯಾಗಿದೆ'. ಯಾವ ಎರರ್ ಕೂಡ ಇಲ್ಲ, ಯಾಕೆಂದರೆ ಹೇಳಿದ ಕೆಲಸ ಅದು ಸರಿಯಾಗಿಯೇ ಮಾಡಿತ್ತು. ಸರ್ವರ್ ಡಿಸ್ಕ್ ಹೋದ ದಿನ ಎಲ್ಲರೂ ನಿರಾಳವಾಗಿಯೇ ಇದ್ದರು, ಬ್ಯಾಕಪ್ ಇದೆಯಲ್ಲ ಅಂತ. ರಿಸ್ಟೋರ್ ಮಾಡಿ ತೆರೆದಾಗ ಅಪ್‌ಗ್ರೇಡ್ ಆದ ದಿನಕ್ಕೆ ಲೆಕ್ಕ ನಿಂತಿತ್ತು. ಅಲ್ಲಿಂದ ಮುಂದಿನ ಒಂದೊಂದು ಬಿಲ್ಲನ್ನೂ ಕಾಗದ ನೋಡಿ, ಗ್ರಾಹಕರಿಗೆ ಫೋನ್ ಮಾಡಿ, ಬ್ಯಾಂಕ್ ಸ್ಟೇಟ್‌ಮೆಂಟ್ ಪಕ್ಕದಲ್ಲಿಟ್ಟುಕೊಂಡು ಮತ್ತೆ ಟೈಪ್ ಮಾಡಬೇಕಾಯಿತು. ಯಾರಿಂದ ಎಷ್ಟು ಬರಬೇಕು ಅನ್ನುವುದೇ ಗೊತ್ತಿಲ್ಲದ ಸ್ಥಿತಿ. ಕೆಲವರು ತಾವಾಗಿ ಬಂದು ಕೊಟ್ಟರು, ಕೆಲವು ಬಾಕಿ ಹಾಗೇ ಮುಳುಗಿತು.

ಇದು ಸಣ್ಣ ಆಫೀಸಿನವರ ಅಜ್ಞಾನ ಅಂದುಕೊಳ್ಳಬೇಡಿ. ಗಿಟ್‌ಲ್ಯಾಬ್ ಅಂಥ, ಪ್ರೋಗ್ರಾಂ ಕೋಡ್ ಇಡುವ ಸೇವೆ ಕೊಡುವ ಪರಿಣತರ ಕಂಪನಿಯಲ್ಲೇ 2017ರ ಜನವರಿ 31ರಂದು ಮುಖ್ಯ ಡೇಟಾಬೇಸ್ ತಪ್ಪಿ ಅಳಿಸಿಹೋಯಿತು. ಐದು ಬಗೆಯ ರಕ್ಷಣೆ ಇತ್ತು, ನಂಬಿಕೊಂಡಿದ್ದ ಒಂದೂ ಸರಿಯಾಗಿ ಕೈಗೆ ಬರಲಿಲ್ಲ. ಡೇಟಾಬೇಸ್ ವರ್ಷನ್ ಒಂದು, ಡಂಪ್ (ಡೇಟಾಬೇಸನ್ನು ಫೈಲಾಗಿ ತೆಗೆಯುವ) ಟೂಲಿನ ವರ್ಷನ್ ಇನ್ನೊಂದು, ಹಾಗಾಗಿ ಡಂಪ್ ಆಗುತ್ತಲೇ ಇರಲಿಲ್ಲ. ಫೇಲ್ ಆಗಿದೆ ಅಂತ ಹೇಳುವ ಮೇಲ್‌ಗಳು ಕೂಡ ರಿಜೆಕ್ಟ್ ಆಗಿ ಯಾರಿಗೂ ತಲುಪಿರಲಿಲ್ಲ. ಒಬ್ಬ ಎಂಜಿನಿಯರ್ ಬೇರೆ ಕೆಲಸಕ್ಕೆ ಸುಮಾರು 6 ಗಂಟೆ ಮೊದಲು ತೆಗೆದಿದ್ದ, ಆ ಕ್ಷಣದ ಪೂರ್ತಿ ಕಾಪಿಯಾದ ಸ್ನ್ಯಾಪ್‌ಶಾಟ್ ಅವರನ್ನು ಕಾಪಾಡಿತು. ಇದನ್ನೆಲ್ಲ ಅವರೇ ಬಹಿರಂಗವಾಗಿ ಬರೆದುಕೊಂಡಿದ್ದಾರೆ, ಆ ಪ್ರಾಮಾಣಿಕತೆಗೆ ನನಗೆ ತುಂಬಾ ಗೌರವ ಇದೆ.

ಹಾಗಾಗಿ ನನ್ನ ಪಟ್ಟು ಒಂದೇ: ರಿಸ್ಟೋರ್ ಡ್ರಿಲ್, ಅಂದರೆ ರಿಸ್ಟೋರ್ ಅಭ್ಯಾಸ. ಮೂರು ತಿಂಗಳಿಗೊಮ್ಮೆ, ಕ್ಯಾಲೆಂಡರ್‌ನಲ್ಲಿ ದಿನ ಗುರುತು ಹಾಕಿ. ಅದೇ ಕಂಪ್ಯೂಟರ್‌ನಲ್ಲಿ ಒಂದು ಫೈಲ್ ವಾಪಸ್ ತೆಗೆದು ನೋಡುವುದು ಡ್ರಿಲ್ ಅಲ್ಲ. ಬೇರೆ ಕಂಪ್ಯೂಟರ್, ಖಾಲಿ ವಿಂಡೋಸ್, ಸಾಫ್ಟ್‌ವೇರ್ ಇನ್‌ಸ್ಟಾಲ್‌ನಿಂದ ಶುರು. ಬ್ಯಾಕಪ್ ಸೆಟ್ ಮಾಡಿದವರು ಮುಟ್ಟಬಾರದು, ಸುಮ್ನೆ ಪಕ್ಕದಲ್ಲಿ ಕೂತು ನೋಡಬೇಕು. ರಿಸ್ಟೋರ್ ಹೇಗೆ ಅಂತ ಬರೆದಿಟ್ಟ ಕಾಗದ ಓದಿಕೊಂಡು ಇನ್ನೊಬ್ಬರು ಮಾಡಬೇಕು. ಎಲ್ಲಿ ಸಿಕ್ಕಿಹಾಕಿಕೊಂಡರೋ ಅಲ್ಲಿ ಕಾಗದ ತಿದ್ದಿ. ಕೊನೆಗೆ ನಿನ್ನೆಯ ಕೊನೇ ಬಿಲ್ ನಂಬರ್ ಬಂದಿದೆಯಾ, ಒಂದು ಗ್ರಾಹಕರ ಬಾಕಿ ಸರಿ ಇದೆಯಾ, ಒಂದು ಪ್ರಿಂಟ್ ಬರುತ್ತದಾ, ಇಷ್ಟು ನೋಡಿ. ಮೊದಲ ಡ್ರಿಲ್‌ನಲ್ಲೇ ಲೈಸೆನ್ಸ್ ಕೀ ಎಲ್ಲಿದೆ ಅಂತ ಯಾರಿಗೂ ಗೊತ್ತಿಲ್ಲ ಅನ್ನುವುದು ಹೊರಗೆ ಬರುತ್ತದೆ ನೋಡಿ.

ಡ್ರಿಲ್ ಗಡಿಯಾರ ನೋಡಿ ಶುರು ಮಾಡಿ. ಆಫೀಸು ಎಷ್ಟು ಹೊತ್ತು ನಿಲ್ಲುತ್ತದೆ, ಎಷ್ಟು ಹೊತ್ತಿನ ಕೆಲಸ ಮತ್ತೆ ಮಾಡಬೇಕಾಗುತ್ತದೆ, ಈ ಎರಡು ಲೆಕ್ಕ ಮಾಲೀಕರ ಮುಂದಿಟ್ಟರೆ ಬಜೆಟ್ ಮಾತು ಸುಲಭ. ಡಿಸ್ಕ್ ಸೈಜ್ ಕೂಡ ಆಗಲೇ ಗೊತ್ತಾಗುವುದು. ಎಷ್ಟು ತಿಂಗಳ ಹಳೇ ಕಾಪಿಗಳನ್ನು ಇಟ್ಟುಕೊಳ್ಳಬೇಕು ಅಂತ ತೀರ್ಮಾನ ಮಾಡದೆ 8 ಟಿಬಿ ಅಂತ ಹೇಗೆ ಹೇಳಿದಿರಿ?

ಯುಎಸ್‌ಬಿ ಡ್ರೈವ್ ಎರಡು ಇಟ್ಟುಕೊಳ್ಳಿ, ವಾರಕ್ಕೊಂದು ಬದಲಿಸಿ. ಒಂದು ಚುಚ್ಚಿರುವಾಗ ಇನ್ನೊಂದು ಆಫೀಸಿನ ಹೊರಗೆ ಇರಬೇಕು. ಅದೇ ಬೀರುವಿನಲ್ಲಿ ಇಟ್ಟರೆ ಬೆಂಕಿಗೆ, ನೀರಿಗೆ, ಕಳ್ಳರಿಗೆ ಎರಡೂ ಒಟ್ಟಿಗೆ ಸಿಗುತ್ತವೆ. 2021ರ ಮಾರ್ಚ್‌ನಲ್ಲಿ ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನ ಓವಿಎಚ್ ಎಂಬ ಕ್ಲೌಡ್ ಕಂಪನಿಯ ಡೇಟಾ ಸೆಂಟರ್ ಸುಟ್ಟಾಗ, ಬ್ಯಾಕಪ್ ಕೂಡ ಅಲ್ಲೇ ಇಟ್ಟಿದ್ದ ಕೆಲವರಿಗೆ ಏನೂ ಉಳಿಯಲಿಲ್ಲ. ಕ್ಲೌಡ್ ಅಂದರೂ ಅದು ಎಲ್ಲೋ ಒಂದು ಕಟ್ಟಡವೇ ಅಲ್ವಾ. ಕೇಬಲ್ ಕಿತ್ತಿಟ್ಟ ಕಾಪಿಯ ಬೆಲೆ ತಿಳಿಯಬೇಕಾದರೆ ಮೇರ್ಸ್ಕ್ ಎಂಬ ದೊಡ್ಡ ಹಡಗು ಕಂಪನಿಯ ಕಥೆ ನೋಡಿ. 2017ರ ನಾಟ್‌ಪೆಟ್ಯಾ ವೈರಸ್ ದಾಳಿಯಲ್ಲಿ, ಕಂಪನಿಯ ಎಲ್ಲ ಲಾಗಿನ್ ನೋಡಿಕೊಳ್ಳುವ ಅವರ ಸರ್ವರ್‌ಗಳು, ಅಂದರೆ ಡೊಮೇನ್ ಕಂಟ್ರೋಲರ್‌ಗಳೆಲ್ಲ ಒಂದು ಬಿಟ್ಟು ಅಳಿಸಿಹೋದವು. ಘಾನಾದ ಆಫೀಸಿನಲ್ಲಿ ಕರೆಂಟ್ ಹೋಗಿ ಒಂದು ಸರ್ವರ್ ಆಫ್‌ಲೈನ್ ಆಗಿತ್ತು, ಅದೊಂದೇ ಉಳಿದದ್ದು.

ನೀವು ರೋಬೊಕಾಪಿ ಮಿರರ್ (ಒಂದು ಫೋಲ್ಡರನ್ನು ಹಾಗೇ ಇನ್ನೊಂದಕ್ಕೆ ಪಡಿಯಚ್ಚು ಮಾಡುವ ವಿಂಡೋಸ್ ಕಮಾಂಡ್) ಹಾಕಿದ್ದೇನೆ ಅಂತ ಬರೆದಿದ್ದೀರಿ, ಅದನ್ನು ಇವತ್ತೇ ತೆಗೆಯಿರಿ. ಸೋರ್ಸ್ ಫೋಲ್ಡರ್ ಯಾವುದೋ ಕಾರಣಕ್ಕೆ ಖಾಲಿಯಾಗಿದ್ದರೆ ಅದು ಬ್ಯಾಕಪ್ ಫೋಲ್ಡರನ್ನೂ ಖಾಲಿ ಮಾಡುತ್ತದೆ. ಮಿರರ್ ಅಂದರೆ ಅದೇ ಕೆಲಸ. ಹಳೇ ಕಾಪಿಗಳನ್ನೂ (ವರ್ಷನ್) ಇಟ್ಟುಕೊಳ್ಳುವ ಟೂಲ್ ಬಳಸಿ. ವೀಮ್ ಏಜೆಂಟ್‌ನ ಉಚಿತ ಆವೃತ್ತಿ ಪೂರ್ತಿ ಕಂಪ್ಯೂಟರ್‌ಗೆ ಸಾಕು, ಕಮಾಂಡ್ ಲೈನ್‌ಗೆ ಹೆದರದವರಿಗೆ ರೆಸ್ಟಿಕ್ ನನಗೆ ತುಂಬಾ ಇಷ್ಟ. ಆದರೆ ಎರಡಕ್ಕೂ ಪಾಸ್‌ವರ್ಡ್ ಹಾಕಿ ಎನ್‌ಕ್ರಿಪ್ಟ್ ಮಾಡಿದರೆ ಆ ಪಾಸ್‌ವರ್ಡನ್ನು ಕಾಗದದಲ್ಲಿ ಬರೆದು ಹೊರಗೆ ಇಡಿ. ರೆಸ್ಟಿಕ್ ಪಾಸ್‌ವರ್ಡ್ ಕಳೆದರೆ ಡೇಟಾ ಹೋಯಿತು ಅಂತಲೇ ಲೆಕ್ಕ. ಬಿಟ್‌ಲಾಕರ್ (ವಿಂಡೋಸ್‌ನ ಡಿಸ್ಕ್ ಬೀಗ) ರಿಕವರಿ ಕೀ ಕೂಡ ಹಾಗೇ, ಅದನ್ನು ಅದೇ ಲ್ಯಾಪ್‌ಟಾಪ್‌ನ ಡೆಸ್ಕ್‌ಟಾಪ್ ಮೇಲೆ ಸೇವ್ ಮಾಡಿಟ್ಟವರನ್ನು ನೋಡಿದ್ದೇನೆ.

ಇನ್ನೊಂದು, ಸಾಫ್ಟ್‌ವೇರ್ ಓಡುತ್ತಿರುವಾಗ ಡೇಟಾಬೇಸ್ ಫೈಲನ್ನು ನೇರ ಕಾಪಿ ಮಾಡಬೇಡಿ. ಅರ್ಧ ಬರೆದ ಸ್ಥಿತಿಯಲ್ಲಿ ಕಾಪಿ ಆದರೆ ತೆರೆಯದೇ ಹೋಗಬಹುದು, ತೆರೆದರೂ ಒಳಗೆ ಲೆಕ್ಕ ತಪ್ಪಿರಬಹುದು. ಸಾಫ್ಟ್‌ವೇರ್‌ನದೇ ಬ್ಯಾಕಪ್ ಆಯ್ಕೆಯಿಂದ ಫೈಲ್ ಮಾಡಿ, ಆ ಫೈಲನ್ನು ಹೊರಗೆ ಕಳಿಸಿ.

ಬ್ರ್ಯಾಂಡ್ ಕೇಳಿದ್ದೀರಲ್ಲ, ಅದಕ್ಕೂ ಹೇಳುತ್ತೇನೆ. ಕೆಡದ ಡಿಸ್ಕ್ ಯಾವ ಕಂಪನಿಯದೂ ಇಲ್ಲ. ನಾಸ್‌ಗೆ ಸಿಎಂಆರ್ (ಡೇಟಾ ಪಟ್ಟಿಗಳು ಒಂದರ ಮೇಲೊಂದು ಬೀಳದ ಬಗೆ) ಇರುವುದನ್ನೇ ನೋಡಿ ತಗೊಳ್ಳಿ, ವೆಸ್ಟರ್ನ್ ಡಿಜಿಟಲ್ ರೆಡ್ ಪ್ಲಸ್ ಅಥವಾ ಸೀಗೇಟ್ ಐರನ್‌ವುಲ್ಫ್, ಎರಡೂ ನಡೆಯುತ್ತದೆ. ಪ್ಲಸ್ ಇಲ್ಲದ ರೆಡ್‌ನಲ್ಲಿ ಕೆಲವು ಮಾಡೆಲ್, ಪಟ್ಟಿಗಳು ಒಂದರ ಮೇಲೊಂದು ಬೀಳುವ ಎಸ್‌ಎಂಆರ್ ಅಂತ 2020ರಲ್ಲಿ ಹೊರಬಂತು, ರೇಡ್ ರೀಬಿಲ್ಡ್ (ಕೆಟ್ಟ ಡಿಸ್ಕ್ ಬದಲಿಗೆ ಹಾಕಿದ ಹೊಸದನ್ನು ತುಂಬುವುದು) ಮಾಡುವಾಗ ಅವು ತುಂಬಾ ಎಳೆದಾಡಿಸುತ್ತವೆ. ಎರಡು ಡಿಸ್ಕನ್ನೂ ಒಂದೇ ಬ್ಯಾಚ್‌ನದು ತಗೋಬೇಡಿ. ಬೀರುವಿನಲ್ಲಿ ವರ್ಷಗಟ್ಟಲೆ ಇಡುವ ಕಾಪಿಗೆ ಎಸ್‌ಎಸ್‌ಡಿ ಬೇಡ, ಕರೆಂಟ್ ಇಲ್ಲದೆ ಬಹಳ ಕಾಲ ಬಿಟ್ಟರೆ ಡೇಟಾ ಹೋಗುವ ಅಪಾಯ ಇದೆ.

ನಾಸ್ ಯಾವುದೇ ಇರಲಿ, ಮನೆಯಿಂದ ನೋಡಬೇಕು ಅಂತ ರೌಟರ್‌ನಲ್ಲಿ ಪೋರ್ಟ್ (ಹೊರಗಿನಿಂದ ಒಳಬರುವ ಬಾಗಿಲು) ತೆರೆದಿದ್ದರೆ ಮುಚ್ಚಿ, ವಿಪಿಎನ್ (ಸುರಕ್ಷಿತ ಖಾಸಗಿ ದಾರಿ) ಹಾಕಿಕೊಳ್ಳಿ. 2021ರ ಕ್ಯೂಲಾಕರ್, 2022ರ ಡೆಡ್‌ಬೋಲ್ಟ್ ಎಂಬ ರಾನ್ಸಮ್‌ವೇರ್‌ಗಳು ಎರಡೂ ಇಂಟರ್‌ನೆಟ್‌ಗೆ ತೆರೆದಿದ್ದ ಕ್ಯೂನ್ಯಾಪ್ ಕಂಪನಿಯ ನಾಸ್‌ಗಳನ್ನೇ ಹುಡುಕಿ ಲಾಕ್ ಮಾಡಿದವು. ಬ್ಯಾಕಪ್‌ಗೆ ಬೇರೆಯೇ ಯೂಸರ್ ಮಾಡಿ. ದಿನಾ ಕೆಲಸ ಮಾಡುವ ಲಾಗಿನ್‌ಗೆ ಬ್ಯಾಕಪ್ ಫೋಲ್ಡರ್‌ನಲ್ಲಿ ಬರೆಯುವ ಅನುಮತಿ ಇರಬಾರದು. ಗೂಗಲ್ ಖಾತೆಯ ಎರಡನೇ ಹಂತದ ಕೋಡ್ ಬರುವ ಫೋನೇ ಕಳೆದುಹೋದರೆ ಕ್ಲೌಡ್ ಕಾಪಿ ಇದ್ದೂ ಇಲ್ಲದ ಹಾಗೆ, ಅದರ ರಿಕವರಿ ಕೋಡ್‌ಗಳನ್ನೂ ಪ್ರಿಂಟ್ ತೆಗೆದು ಪಾಸ್‌ವರ್ಡ್ ಬರೆದ ಕಾಗದದ ಜೊತೆಗೇ ಇಡಿ.

ಯುಪಿಎಸ್ ಇದೆ ಅಂದಿದ್ದೀರಿ, ಒಳ್ಳೆಯದು. ಆದರೆ ಪವರ್ ಕೇಬಲ್ ಮಾತ್ರ ಹಾಕಿದ್ದರೆ ಬ್ಯಾಟರಿ ಮುಗಿದ ಕೂಡಲೇ ನಾಸ್ ದಡಕ್ಕನೆ ಆಫ್ ಆಗುತ್ತದೆ. ಯುಪಿಎಸ್‌ನಿಂದ ನಾಸ್‌ಗೆ ಯುಎಸ್‌ಬಿ ಕೇಬಲ್ ಕೂಡ ಹಾಕಿ, ಬ್ಯಾಟರಿ ಕಡಿಮೆಯಾದಾಗ ತಾನೇ ಶಟ್‌ಡೌನ್ ಆಗುವ ಹಾಗೆ ಸೆಟಿಂಗ್ಸ್‌ನಲ್ಲಿ ಆನ್ ಮಾಡಿ. ಆಮೇಲೆ ಒಂದು ಸಲ, ಯಾರೂ ಕೆಲಸ ಮಾಡದ ಹೊತ್ತಿನಲ್ಲಿ, ಗೋಡೆಯ ಸ್ವಿಚ್ ಆಫ್ ಮಾಡಿ ಅದು ನಿಜಕ್ಕೂ ಆಗುತ್ತದಾ ಅಂತ ನೋಡಿ.