ಟೊಮ್ಯಾಟೊಗೆ ಎನ್‌ಪಿವಿ ಸಿಂಪಡಿಸಿದರೆ ಪಕ್ಕದವರ ರೇಷ್ಮೆಹುಳುವಿಗೆ ಹಾಲುತೊಂಡೆ ಬರುತ್ತದೆಯೇ?

ನಮಸ್ಕಾರ. ಚಿಂತಾಮಣಿ ಕಡೆಯಿಂದ ಪ್ರಶ್ನೆ ಕೇಳಿರುವ ಸದಸ್ಯರಿಗೆ ಈ ಉತ್ತರ. ನಿಮ್ಮ ಟೊಮ್ಯಾಟೊದಲ್ಲಿ ಕಾಯಿಕೊರಕ (ಹೆಲಿಕೋವರ್ಪಾ) ಕಾಣಿಸಿಕೊಂಡಿದೆ, ಆ ಹುಳುವಿಗೆ ರೋಗ ತಂದು ಕೊಲ್ಲುವ ನಂಜಾಣುವಾದ (ವೈರಸ್) ಹೆಲಿಕೋವರ್ಪಾ ಎನ್‌ಪಿವಿ ಸಿಂಪಡಿಸಿ ಎಂಬ ಸಲಹೆ ಸಿಕ್ಕಿದೆ. ಆದರೆ ಬದುವಿನಾಚೆ ಹಿಪ್ಪುನೇರಳೆ ಬೆಳೆದು ಹುಳು ಸಾಕುವವರು ‘ಅದು ವೈರಸ್ಸು, ನಮ್ಮ ಹುಳುವಿಗೆ ಹಾಲುತೊಂಡೆ ರೋಗ ಹತ್ತುತ್ತದೆ’ ಎಂದು ತಡೆದಿದ್ದಾರೆ. ಮನೆಯಲ್ಲಿ ಮಕ್ಕಳು, ಕೊಟ್ಟಿಗೆಯಲ್ಲಿ ಹಸುಗಳು ಇರುವುದರಿಂದ ನಿಮಗೂ ಅಳುಕಿದೆ. ನೇರ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ: ನೋಂದಣಿಯಾದ, ಅಸಲಿ ಹೆಲಿಕೋವರ್ಪಾ ಎನ್‌ಪಿವಿಯಿಂದ ರೇಷ್ಮೆಹುಳುವಿಗೆ ಹಾಲುತೊಂಡೆ ಬರುವುದಿಲ್ಲ, ಮಕ್ಕಳಿಗೂ ಹಸುಗಳಿಗೂ ಅದರಿಂದ ಸೋಂಕು ತಗಲುವುದಿಲ್ಲ. ಆದರೆ ‘ಜೈವಿಕ’ ಎಂದು ಬರೆದಿರುವ ಎಲ್ಲ ಸೀಸೆಗಳಿಗೂ ಈ ಮಾತು ಅನ್ವಯಿಸುವುದಿಲ್ಲ. ಅವುಗಳಲ್ಲಿ ಒಂದೆರಡು ರೇಷ್ಮೆಹುಳುವನ್ನು ನಿಜಕ್ಕೂ ಕೊಲ್ಲುತ್ತವೆ.

ನೆರೆಯವರ ಭಯವನ್ನು ಅಜ್ಞಾನವೆಂದು ತಳ್ಳಿಹಾಕಬೇಡಿ. ಹಾಲುತೊಂಡೆಗೆ ಕಾರಣವಾಗುವುದೂ ಎನ್‌ಪಿವಿ ಗುಂಪಿಗೇ ಸೇರಿದ ಒಂದು ನಂಜಾಣು, ಮತ್ತು ಎರಡು ಕಡೆಯ ಲಕ್ಷಣಗಳೂ ಒಂದನ್ನೊಂದು ಹೋಲುತ್ತವೆ. ಹಾಲುತೊಂಡೆ ಬಂದ ಹುಳು ಜ್ವರಕ್ಕೆ (ಪೊರೆ ಬಿಡುವ ಹಂತಕ್ಕೆ) ಕೂರದೆ ತಟ್ಟೆಯ ಅಂಚಿನಲ್ಲಿ ಅಲೆದಾಡುತ್ತದೆ, ಗೆಣ್ಣುಗೆಣ್ಣು ಊದಿಕೊಳ್ಳುತ್ತದೆ, ಚರ್ಮ ಹೊಳೆಯುತ್ತದೆ; ಕಾಲು ಮುರಿದರೆ ಬಿಳಿ ಹಾಲಿನಂಥ ರಸ ಒಸರುತ್ತದೆ. ಎನ್‌ಪಿವಿ ತಗಲಿದ ಕಾಯಿಕೊರಕವೂ ಹೀಗೆಯೇ ಬಿಳಿಚಿಕೊಂಡು ಗಿಡದ ತುದಿಗೆ ಹತ್ತಿ, ಹಿಂಗಾಲುಗಳಿಂದ ಎಲೆಯನ್ನು ಹಿಡಿದು ತಲೆಕೆಳಗಾಗಿ ನೇತಾಡಿ ಸಾಯುತ್ತದೆ. ಮುಟ್ಟಿದರೆ ಒಡೆದು ಬಿಳುಪು ಅಥವಾ ಕಂದು ರಸ ಸುರಿಯುತ್ತದೆ. ರೇಷ್ಮೆ ಸಾಕುವವರು ನಿಮ್ಮ ತೋಟದಲ್ಲಿ ಇದನ್ನು ನೋಡಿದರೆ ಎದೆ ಧಸಕ್ಕೆನ್ನುವುದು ಸಹಜವೇ.

ರೋಗದ ಬಗೆ ಒಂದೇ ಆದರೂ ರೋಗಾಣುಗಳು ಬೇರೆ. ನೀವು ಸಿಂಪಡಿಸುವ ನಂಜಾಣು ಹೆಲಿಕೋವರ್ಪಾ ಮತ್ತು ಅದರ ಅತಿ ಹತ್ತಿರದ ಸಂಬಂಧಿಗಳಾದ ಕೆಲವೇ ಹುಳುಗಳಲ್ಲಿ ವೃದ್ಧಿಯಾಗುತ್ತದೆ. ತಂಬಾಕಿನ ಎಲೆ ತಿನ್ನುವ ಸ್ಪೊಡಾಪ್ಟೆರಾಕ್ಕೆ ಬೇರೆಯದೇ ಎನ್‌ಪಿವಿ ಬೇಕು. ಮೆಕ್ಕೆಜೋಳದ ಸೈನಿಕ ಹುಳುವಿಗೆ ಮತ್ತೊಂದು. ನಿಮ್ಮ ಟೊಮ್ಯಾಟೊದಲ್ಲೇ ಇರಬಹುದಾದ ಟುಟಾ, ರಂಗೋಲಿ ಹುಳು, ಬಿಳಿ ನೊಣ ಇವು ಯಾವುದಕ್ಕೂ ಹೆಲಿಕೋವರ್ಪಾ ಎನ್‌ಪಿವಿಯಿಂದ ಏನೂ ಆಗುವುದಿಲ್ಲ. ಇದನ್ನು ದೋಷವೆಂದು ದೂರುವ ರೈತರಿದ್ದಾರೆ. ನಿಮ್ಮ ಪ್ರಶ್ನೆಗೆ ಮಾತ್ರ ಇದೇ ಸಮಾಧಾನದ ಸಂಗತಿ. ಎಲ್ಲ ಎನ್‌ಪಿವಿಗಳೂ ಇಷ್ಟು ಸಂಕುಚಿತವಲ್ಲ ಎಂಬುದನ್ನೂ ಹೇಳಬೇಕು. ಅಮೆರಿಕದಲ್ಲಿ ಕುದುರೆಮಸಾಲೆ ಬೆಳೆಯ ಹುಳುವಿನಲ್ಲಿ ಸಿಕ್ಕಿದ ಒಂದು ಎನ್‌ಪಿವಿ ಮೂವತ್ತಕ್ಕೂ ಹೆಚ್ಚು ಜಾತಿಯ ಪತಂಗಗಳ ಮರಿಹುಳುಗಳಿಗೆ ತಗಲುತ್ತದೆ. ಆದ್ದರಿಂದ ಸೀಸೆಯ ಮೇಲೆ ಬರೀ ‘ಎನ್‌ಪಿವಿ’ ಎಂದಿದ್ದರೆ ಸಾಲದು, ಯಾವ ಹುಳುವಿನ ಎನ್‌ಪಿವಿ ಎಂಬುದು ಸ್ಪಷ್ಟವಾಗಿರಬೇಕು.

ಇದು ಕೆಲಸ ಮಾಡುವ ರೀತಿ ತಿಳಿದರೆ ಮಕ್ಕಳು, ಹಸುಗಳ ಬಗೆಗಿನ ಅಳುಕೂ ಹೋಗುತ್ತದೆ. ಈ ನಂಜಾಣುಗಳು ಬಿಡಿಬಿಡಿಯಾಗಿ ಇರುವುದಿಲ್ಲ. ಪ್ರೋಟೀನಿನ ಗಟ್ಟಿ ಹರಳುಗಳೊಳಗೆ ಹುದುಗಿರುತ್ತವೆ. ಒಂದು ಹರಳು ಒಂದರಿಂದ ನಾಲ್ಕು ಮೈಕ್ರಾನ್‌ನಷ್ಟು ದಪ್ಪವಿದ್ದು, ಕಾಲೇಜಿನ ಸಾಮಾನ್ಯ ಸೂಕ್ಷ್ಮದರ್ಶಕದಲ್ಲೂ ಕಾಣುತ್ತದೆ. ಹುಳು ಎಲೆಯ ಜೊತೆಗೆ ಹರಳನ್ನು ತಿಂದಾಗ, ಅದರ ಕರುಳಿನ ತೀವ್ರ ಕ್ಷಾರದಲ್ಲಿ (ಪಿಎಚ್ 10ರ ಆಸುಪಾಸು) ಹರಳು ಕರಗಿ ನಂಜಾಣು ಹೊರಬರುತ್ತದೆ. ನಮ್ಮ ಜಠರದಲ್ಲಿರುವುದು ಕ್ಷಾರವಲ್ಲ, ಆಮ್ಲ. ಅಲ್ಲಿ ಹರಳು ಬಿಚ್ಚಿಕೊಳ್ಳುವುದಿಲ್ಲ. ಹೇಗೋ ಬಿಡುಗಡೆಯಾದ ನಂಜಾಣು ಆ ಆಮ್ಲದಲ್ಲಿ ಉಳಿಯುವುದೂ ಇಲ್ಲ. ರೇಷ್ಮೆಹುಳುವಿನ ಕರುಳೂ ಕ್ಷಾರವೇ ಎಂದು ಯಾರಾದರೂ ವಾದಿಸಬಹುದು, ಅದು ನಿಜವೂ ಹೌದು. ಆದರೆ ಹರಳು ಕರಗಿದ ಮಾತ್ರಕ್ಕೆ ರೋಗ ಬರುವುದಿಲ್ಲ. ನಂಜಾಣು ಆ ಹುಳುವಿನ ಜೀವಕೋಶಗಳೊಳಗೆ ಹೊಕ್ಕು ಅಲ್ಲಿ ವೃದ್ಧಿಯಾಗಬೇಕು, ಮತ್ತು ಹೆಲಿಕೋವರ್ಪಾದ ನಂಜಾಣುವಿಗೆ ರೇಷ್ಮೆಹುಳುವಿನಲ್ಲಿ ಅದು ಸಾಧ್ಯವಾಗುವುದಿಲ್ಲ.

ಇವು ಬರೀ ಊಹೆಯ ಮಾತುಗಳಲ್ಲ. ಅಮೆರಿಕದಲ್ಲಿ ಹೆಲಿಕೋವರ್ಪಾದ ಹತ್ತಿರದ ಸಂಬಂಧಿಯಾದ ಹುಳುವಿನ ಎನ್‌ಪಿವಿಯನ್ನು ಇಲಿ, ಪಕ್ಷಿ, ಮೀನು ಮುಂತಾದ ಪ್ರಾಣಿಗಳ ಮೇಲೆ ಪರೀಕ್ಷಿಸಿದರು. ಸ್ವಯಂಪ್ರೇರಿತರಾಗಿ ಮುಂದೆ ಬಂದ ಮನುಷ್ಯರಿಗೂ ತಿನ್ನಿಸಿ ನೋಡಿದರು. ಯಾರಿಗೂ ಕಾಯಿಲೆಯಾಗಲಿಲ್ಲವೆಂಬ ಆ ವರದಿ 1967ರಲ್ಲಿ ಪ್ರಕಟವಾಯಿತು. 1975ರಲ್ಲಿ ಅದೇ ನಂಜಾಣು ಅಲ್ಲಿ ಕೀಟನಾಶಕವಾಗಿ ನೋಂದಣಿಯಾಯಿತು. 1973ರಲ್ಲಿ ಅಮೆರಿಕದ ಅಂಗಡಿಗಳಲ್ಲಿ ಮಾರುತ್ತಿದ್ದ ಎಲೆಕೋಸನ್ನು ಪರಿಶೀಲಿಸಿದಾಗ, ಹೊಲದಲ್ಲಿ ತಾನಾಗಿಯೇ ರೋಗ ಬಂದು ಸತ್ತ ಹುಳುಗಳಿಂದ ಬಂದ ಹರಳುಗಳು ಎಲೆಗಳ ಮೇಲೆ ಲೆಕ್ಕವಿಲ್ಲದಷ್ಟು ಸಿಕ್ಕಿದವು. ಅಂದರೆ ಮನುಷ್ಯರು ಇವನ್ನು ತರಕಾರಿಯ ಜೊತೆಗೆ ಗೊತ್ತಿಲ್ಲದೆ ತಿನ್ನುತ್ತಲೇ ಬಂದಿದ್ದಾರೆ. ಅದೇ ವರ್ಷ ವಿಶ್ವ ಆರೋಗ್ಯ ಸಂಸ್ಥೆ ಮತ್ತು ಆಹಾರ ಮತ್ತು ಕೃಷಿ ಸಂಸ್ಥೆಯ ಜಂಟಿ ವರದಿಯೊಂದು, ಕೀಟಗಳಿಗೆ ಬರುವ ಹಲವು ಬಗೆಯ ವೈರಸ್‌ಗಳ ಪೈಕಿ ಎನ್‌ಪಿವಿ ಸೇರಿರುವ ಬ್ಯಾಕ್ಯುಲೋವೈರಸ್ ಕುಟುಂಬವನ್ನೇ ಪೀಡೆ ನಿಯಂತ್ರಣಕ್ಕೆ ಆರಿಸಿಕೊಂಡಿತು. ಕೀಟಗಳ ಬೇರೆ ಕೆಲವು ವೈರಸ್‌ಗಳಿಗೆ ಪ್ರಾಣಿಗಳಲ್ಲಿ ರೋಗ ತರುವ ದಾಯಾದಿಗಳಿವೆ. ಬ್ಯಾಕ್ಯುಲೋವೈರಸ್‌ಗಳಿಗೆ ಅಂಥ ನಂಟಿಲ್ಲ.

ಪ್ರಯೋಗಶಾಲೆಯಲ್ಲಿ ಮನುಷ್ಯನ ಯಕೃತ್ತಿನ ಕೋಶಗಳೊಳಗೆ ಬ್ಯಾಕ್ಯುಲೋವೈರಸ್ ಹೊಕ್ಕಿತೆಂಬ ಸುದ್ದಿಯನ್ನು ಯಾರಾದರೂ ನಿಮಗೆ ಕಳುಹಿಸಬಹುದು. 1995ರಿಂದ ಅದು ತಿಳಿದ ಸಂಗತಿಯೇ. ಕೋಶದೊಳಗೆ ಹೊಕ್ಕರೂ ಅಲ್ಲಿ ಅದು ವೃದ್ಧಿಯಾಗುವುದಿಲ್ಲ, ಮತ್ತು ನಮ್ಮ ರಕ್ತದಲ್ಲಿರುವ ರಕ್ಷಣಾ ಪ್ರೋಟೀನುಗಳು ಅದನ್ನು ಬೇಗ ನಿಷ್ಕ್ರಿಯಗೊಳಿಸುತ್ತವೆ. ಬ್ಯಾಕ್ಯುಲೋವೈರಸ್‌ನ ನೆರವಿನಿಂದ ಲಸಿಕೆಗಳನ್ನೂ ತಯಾರಿಸುತ್ತಾರೆ: ಪುಣೆಯಲ್ಲಿ ತಯಾರಾದ ಕೋವೊವ್ಯಾಕ್ಸ್ ಕೊರೊನಾ ಲಸಿಕೆಯ ಪ್ರೋಟೀನನ್ನು ಬ್ಯಾಕ್ಯುಲೋವೈರಸ್ ಬಳಸಿ ಸೈನಿಕ ಹುಳುವಿನ ಕೋಶಗಳಲ್ಲಿ ಬೆಳೆಸಲಾಗಿತ್ತು. 2018ರಲ್ಲಿ ಶಿವಮೊಗ್ಗದಲ್ಲಿ ದೇಶದಲ್ಲೇ ಮೊದಲ ಬಾರಿಗೆ ಗುರುತಿಸಿದ ಆ ಮೆಕ್ಕೆಜೋಳದ ಸೈನಿಕ ಹುಳುವೇ ಇದು.

ಜೇನಿನ ಬಗ್ಗೆ ನೀವು ಕೇಳಿಲ್ಲ, ಆದರೂ ಒಂದು ಮಾತು. ಅಮೆರಿಕದಲ್ಲಿ ಈ ನಂಜಾಣುವಿನ ಪುಡಿಯನ್ನು ಜೇನುಪೆಟ್ಟಿಗೆಯ ಬಾಗಿಲಲ್ಲಿಟ್ಟು, ಜೇನುಹುಳುಗಳ ಮೈಗೆ ಅಂಟಿಸಿ, ಅವುಗಳ ಮೂಲಕವೇ ಹೂಗಳಿಗೆ ತಲುಪಿಸುವ ಪ್ರಯೋಗ ನಡೆದಿದೆ. ಸತ್ತ ಹುಳು ತಿಂದ ಕಾಜಾಣ, ಮೈನಾಗಳಿಗೂ ಏನೂ ಆಗುವುದಿಲ್ಲ. ಬದಲಿಗೆ ಹಕ್ಕಿಯ ಹಿಕ್ಕೆಯ ಮೂಲಕ ನಂಜಾಣು ಜೀವಂತವಾಗಿಯೇ ಹೊಲದಲ್ಲಿ ಹರಡುತ್ತದೆ. ಪರೋಕ್ಷ ನಷ್ಟವೊಂದಿದೆ: ಕಾಯಿಕೊರಕದ ಮೈಯೊಳಗೆ ಬೆಳೆಯುತ್ತಿರುವ ಪರಾವಲಂಬಿ ಕಣಜದ ಮರಿ, ಆಶ್ರಯ ಕೊಟ್ಟ ಹುಳು ಬೇಗ ಸತ್ತರೆ ತಾನೂ ಸಾಯುತ್ತದೆ. ರಾಸಾಯನಿಕ ಸಿಂಪಡಣೆಯಿಂದಾಗುವ ನಾಶದ ಮುಂದೆ ಇದು ಅಲ್ಪ.

ಇನ್ನು ನಿಜವಾದ ಅಪಾಯಗಳಿಗೆ ಬರುತ್ತೇನೆ. ಅಂಗಡಿಯಲ್ಲಿ ಎನ್‌ಪಿವಿ ಇಲ್ಲವೆಂದು ‘ಇದೂ ಜೈವಿಕವೇ’ ಎನ್ನುತ್ತಾ ಬ್ಯುವೇರಿಯಾ ಕೊಟ್ಟರೆ ದಯವಿಟ್ಟು ತರಬೇಡಿ. ಬ್ಯುವೇರಿಯಾ ಬ್ಯಾಸಿಯಾನ ಒಂದು ಶಿಲೀಂಧ್ರ. ರೇಷ್ಮೆಹುಳುವಿನ ಸುಣ್ಣಕಟ್ಟು ರೋಗಕ್ಕೆ ಅದೇ ಕಾರಣ. ಇಟಲಿಯ ಅಗೊಸ್ಟಿನೋ ಬಾಸ್ಸಿ 1835ರಲ್ಲಿ ರೇಷ್ಮೆಹುಳುವಿನಲ್ಲೇ ಇದನ್ನು ತೋರಿಸಿಕೊಟ್ಟರು, ಅದಕ್ಕೇ ಆ ಶಿಲೀಂಧ್ರಕ್ಕೆ ಅವರ ಹೆಸರು. ಬಿಟಿ ಎಂದು ಮಾರುವ ಬ್ಯಾಸಿಲಸ್ ತುರಿಂಜಿಯೆನ್ಸಿಸ್ ಕೂಡ 1901ರಲ್ಲಿ ಜಪಾನಿನಲ್ಲಿ ಮೊದಲು ಸಿಕ್ಕಿದ್ದು ಸತ್ತ ರೇಷ್ಮೆಹುಳುವಿನಲ್ಲಿ. ಅದರ ಸಿಂಪಡಣೆ ಬಿದ್ದ ಸೊಪ್ಪನ್ನು ತಿಂದರೆ ಹುಳು ಉಳಿಯುವುದಿಲ್ಲ. ಶಿಡ್ಲಘಟ್ಟ, ಚಿಂತಾಮಣಿಯಂಥ ಕಡೆ ಹಿಪ್ಪುನೇರಳೆಯ ಪಕ್ಕದಲ್ಲಿ ಇವೆರಡನ್ನೂ ಬಳಸಬಾರದೆಂಬುದು ನನ್ನ ಖಚಿತ ಅಭಿಪ್ರಾಯ. ನಿಮ್ಮ ನೆರೆಯವರು ವಿಚಾರಿಸಬೇಕಾದದ್ದು ಇವುಗಳನ್ನು.

ಎರಡನೆಯದು ನಕಲಿ ಮಾಲು. ಜೈವಿಕವೆಂದು ಹೆಸರಿಟ್ಟ ಸೀಸೆಗಳಲ್ಲಿ ರಾಸಾಯನಿಕ ಕೀಟನಾಶಕ ಬೆರೆಸಿರುವುದು ನಮ್ಮ ದೇಶದಲ್ಲಿ ಸಿಕ್ಕಿಬಿದ್ದಿದೆ, ಮತ್ತು ರೇಷ್ಮೆಹುಳುವಿಗೆ ಅದರ ಎರಚಲು ತಾಕಿದರೂ ಸಾಕು. ಎನ್‌ಪಿವಿಗೂ ಕೀಟನಾಶಕ ಕಾಯ್ದೆಯಡಿ ನೋಂದಣಿ ಕಡ್ಡಾಯ. ಲೇಬಲ್ಲಿನಲ್ಲಿ ನೋಂದಣಿ ಸಂಖ್ಯೆ, ಹುಳುವಿನ ಹೆಸರು, ಒಂದು ಮಿಲಿಗೆ ಎಷ್ಟು ಹರಳುಗಳೆಂಬ ಲೆಕ್ಕ, ಅವಧಿ ಮುಗಿಯುವ ದಿನಾಂಕ ಇರಬೇಕು, ಬಿಲ್ಲನ್ನೂ ಕೇಳಿ ಪಡೆಯಿರಿ. ಹೊಲದಲ್ಲೇ ಮಾಡಬಹುದಾದ ಪರೀಕ್ಷೆಯೂ ಒಂದಿದೆ. ಎನ್‌ಪಿವಿ ತಿಂದ ಹುಳು ಸಾಯಲು ನಾಲ್ಕರಿಂದ ಏಳು ದಿನ ಬೇಕು. ಸಂಜೆ ಸಿಂಪಡಿಸಿ ಬೆಳಗ್ಗೆ ನೋಡಿದಾಗ ಹುಳುಗಳು ನೆಲಕ್ಕುದುರಿ ಬಿದ್ದಿದ್ದರೆ ಸಂತೋಷಪಡಬೇಡಿ. ಆ ಸೀಸೆಯಲ್ಲಿ ಬೇರೇನೋ ಇದೆ. ಕೂಡಲೇ ನೆರೆಯವರಿಗೆ ತಿಳಿಸಿ, ಆ ಬದಿಯ ಸೊಪ್ಪನ್ನು ಕೊಯ್ಯದಂತೆ ಹೇಳಿ.

ಸತ್ತ ಹುಳುಗಳನ್ನು ಆರಿಸಿ, ಅರೆದು, ಬಟ್ಟೆಯಲ್ಲಿ ಸೋಸಿ ಮನೆಯಲ್ಲೇ ಎನ್‌ಪಿವಿ ಮಾಡಿಕೊಳ್ಳುವ ಪದ್ಧತಿಯನ್ನು ಈ ಗುಂಪಿನಲ್ಲೇ ಹಲವರು ಹೊಗಳಿದ್ದಾರೆ. ತೊಗರಿ, ಕಡಲೆಯ ಸೀಮೆಯಲ್ಲಿ ನನ್ನ ತಕರಾರಿಲ್ಲ. ರೇಷ್ಮೆ ಸೀಮೆಯಲ್ಲಿ ಮಾತ್ರ ಬೇಡ. ಕೊಳೆತ ಹುಳುವಿನ ರಸದಲ್ಲಿ ನಂಜಾಣುವಿನ ಜೊತೆ ಕರುಳಿನ ಬ್ಯಾಕ್ಟೀರಿಯಾಗಳೂ ಇರುತ್ತವೆ. ಯಾವ ಹುಳು ಯಾವ ರೋಗದಿಂದ ಸತ್ತಿತೆಂದು ಬರಿಗಣ್ಣಿನಲ್ಲಿ ಹೇಳಲಾಗದು. ಹಿಪ್ಪುನೇರಳೆ ತೋಟದಿಂದ ಆರಿಸಿದ ಹುಳುವನ್ನಂತೂ ಯಾವ ಕಾರಣಕ್ಕೂ ಅರೆಯಕೂಡದು.

ಸಿಂಪಡಣೆಯ ಕ್ರಮ ಹೀಗಿರಲಿ. ಶಿಫಾರಸು ಹೆಕ್ಟೇರಿಗೆ 250 ಎಲ್‌ಇ (ರೋಗದಿಂದ ಸತ್ತ ಒಂದು ಹುಳುವಿನಲ್ಲಿ ಸಿಗುವಷ್ಟು ಹರಳುಗಳೆಂದರೆ ಒಂದು ಎಲ್‌ಇ), ಅಂದರೆ ಎಕರೆಗೆ 100 ಎಲ್‌ಇ. ಲೇಬಲ್ಲಿನಲ್ಲಿ ಮಿಲಿ ಲೆಕ್ಕವಿದ್ದರೆ ಅದನ್ನೇ ಅನುಸರಿಸಿ. ನಂಜಾಣು ಹುಳುವಿನ ಹೊಟ್ಟೆಗೆ ಹೋದರೆ ಮಾತ್ರ ಕೆಲಸ ಮಾಡುತ್ತದೆ, ಆದ್ದರಿಂದ ಕಾಯಿಯೊಳಗೆ ಸೇರಿಕೊಂಡ ದೊಡ್ಡ ಹುಳುವಿಗೆ ಪ್ರಯೋಜನವಿಲ್ಲ. ಎಲೆ, ಹೂಗಳ ಮೇಲೆ ಮೊಟ್ಟೆ ಮತ್ತು ಸಣ್ಣ ಮರಿಗಳು ಕಂಡಾಗಲೇ ಸಿಂಪಡಿಸಿ ವಾರಕ್ಕೊಮ್ಮೆಯಂತೆ ಎರಡು ಮೂರು ಬಾರಿ ಮುಂದುವರಿಸಿ. ಬಿಸಿಲಿನ ಅತಿನೇರಳೆ ಕಿರಣ ಇದನ್ನು ಬೇಗ ಹಾಳುಮಾಡುವುದರಿಂದ ಸಂಜೆಯೇ ಸರಿಯಾದ ಹೊತ್ತು. ಹುಳು ಹೆಚ್ಚು ತಿನ್ನಲೆಂದು ಲೀಟರಿಗೆ ಹತ್ತು ಗ್ರಾಂ ಬೆಲ್ಲ ಬೆರೆಸುವುದು ರೂಢಿ. ಸುಣ್ಣ, ಬೋರ್ಡೋ ದ್ರಾವಣದ ಜೊತೆ ಎಂದೂ ಬೆರೆಸಬೇಡಿ, ಕ್ಷಾರದಲ್ಲಿ ಹರಳು ಸಿಂಪಡಣೆಗೆ ಮೊದಲೇ ಕರಗಿಹೋಗುತ್ತದೆ. ಹಳೆಯ ಕೀಟನಾಶಕದ ಪಂಪನ್ನು ತೊಳೆಯದೆ ಬಳಸಿದರೆ ನೆರೆಯವರಿಗೆ ನೀವು ಕೊಟ್ಟ ಭರವಸೆಗೆ ಬೆಲೆಯಿರುವುದಿಲ್ಲ. ಮೂಗು-ಬಾಯಿಗೆ ಬಟ್ಟೆ ಕಟ್ಟಿಕೊಳ್ಳಿ. ಸೋಂಕಿನ ಭಯಕ್ಕಲ್ಲ, ದ್ರಾವಣದಲ್ಲಿರುವ ಹುಳುವಿನ ಚೂರುಗಳು ಕೆಲವರಿಗೆ ಅಲರ್ಜಿ ತರಬಲ್ಲವು. ಹಣ್ಣನ್ನು ತೊಳೆದು ತಿನ್ನಿ.

ಗಾಳಿ ಹಿಪ್ಪುನೇರಳೆಯ ಕಡೆಗೆ ಬೀಸದ ಸಂಜೆಯನ್ನು ಆರಿಸಿಕೊಳ್ಳಿ, ಬದುವಿನ ಪಕ್ಕದ ಎರಡು ಸಾಲನ್ನು ಕೈಯಿಂದ ಹುಳು ಆರಿಸಲು ಬಿಟ್ಟುಬಿಡಿ, ಸಿಂಪಡಿಸುವ ದಿನವನ್ನು ನೆರೆಯವರಿಗೆ ಮುಂಚೆಯೇ ಹೇಳಿ ಸೀಸೆಯನ್ನೂ ತೋರಿಸಿ. ಮುಂದೆ ಅವರ ತಟ್ಟೆಗಳಲ್ಲಿ ಹಾಲುತೊಂಡೆ ಕಾಣಿಸಿಕೊಂಡರೆ, ಅದರ ಮೂಲ ಬಹುಪಾಲು ಸಾಕಣೆ ಮನೆಯೊಳಗೇ ಇರುತ್ತದೆ: ಹಿಂದಿನ ಬೆಳೆಯಲ್ಲಿ ಸರಿಯಾಗಿ ಸೋಂಕು ನಿವಾರಣೆಯಾಗದ ತಟ್ಟೆ, ಚಂದ್ರಿಕೆ (ಹುಳು ಗೂಡು ಕಟ್ಟುವ ತಟ್ಟಿ), ಗೋಡೆಯ ಸಂದು. ಬೇಸಿಗೆಯ ಸೆಖೆ ರೋಗವನ್ನು ಕೆರಳಿಸುತ್ತದೆ. ರೋಗದ ಹುಳುಗಳನ್ನು ಒಡೆಯದಂತೆ ಆರಿಸಿ ಸುಣ್ಣ, ಬ್ಲೀಚಿಂಗ್ ಪುಡಿಯ ನೀರಿಗೆ ಹಾಕಬೇಕು, ಹುಳುವಿನ ಹಾಸಿಗೆಗೆ ವಿಜೇತ ಎಂಬ ಸೋಂಕುನಿವಾರಕ ಪುಡಿ ಉದುರಿಸಬೇಕು, ಬೆಳೆ ಮುಗಿದ ಮೇಲೆ ಶೇಕಡಾ 2ರ ಬ್ಲೀಚಿಂಗ್ ಪುಡಿ ಮತ್ತು ಶೇಕಡಾ 0.3ರ ಅರಳಿದ ಸುಣ್ಣದ ದ್ರಾವಣದಿಂದ ಇಡೀ ಮನೆಯನ್ನು ತೊಯ್ಯಿಸಬೇಕು. ನಿಮ್ಮ ಎನ್‌ಪಿವಿ ಸೀಸೆಯ ಹೆಸರು ಮತ್ತು ಲೇಬಲ್ಲಿನ ಚಿತ್ರವನ್ನು ಇಲ್ಲಿ ಹಾಕಿದರೆ, ಅದನ್ನು ನೋಡಿ ಪ್ರಮಾಣದ ಲೆಕ್ಕ ತಿಳಿಸುತ್ತೇನೆ.