ಸಂಪಾದಕರ ಉತ್ತರ: ಕಾರ್ನ್‌ವಾಲ್ ಯಾರ ಭದ್ರಕೋಟೆ?

ಕಳೆದ ಸಂಚಿಕೆಯಲ್ಲಿ ನಾವು ಇಂಗ್ಲೆಂಡಿನ ಕಾರ್ನ್‌ವಾಲ್ ಕೌಂಟಿಯನ್ನು ‘ಲಿಬರಲ್ಲರ ಭದ್ರಕೋಟೆ’ ಎಂದು ಕರೆದದ್ದನ್ನು ಕೋಲಾರದ ಓದುಗರೊಬ್ಬರು ಆಕ್ಷೇಪಿಸಿದ್ದಾರೆ. ತಮ್ಮ ಮುತ್ತಾತ ಚಿನ್ನದ ಗಣಿಯಲ್ಲಿ ಕಾರ್ನ್‌ವಾಲಿನ ‘ಕ್ಯಾಪ್ಟನ್’ ಒಬ್ಬನ ಕೈಕೆಳಗೆ ದುಡಿದವರಾದ್ದರಿಂದ ಆ ನಾಡಿನ ಸುದ್ದಿಯನ್ನು ಗಮನವಿಟ್ಟು ಓದುವುದಾಗಿ ತಿಳಿಸಿರುವ ಅವರು ಎರಡು ಪ್ರಶ್ನೆ ಕೇಳಿದ್ದಾರೆ. 2015ರಿಂದ 2024ರವರೆಗೆ ಲಿಬರಲ್ಲರಿಗೆ ಒಂದೂ ಸ್ಥಾನ ಕೊಡದ ಕೌಂಟಿ ಅವರ ಭದ್ರಕೋಟೆ ಹೇಗಾದೀತು ಎಂಬುದು ಮೊದಲನೆಯದು. ಬ್ರಿಟಿಷ್ ಸಂಸತ್ತಿನಲ್ಲಿ ಈಗ ಆರೇ ಸ್ಥಾನಗಳಿರುವ ಕಾರ್ನ್‌ವಾಲಿನಿಂದ ಹಿಂದೆ 44 ಸದಸ್ಯರು ಆಯ್ಕೆಯಾಗುತ್ತಿದ್ದರೆಂದು ಎಲ್ಲೋ ಓದಿದ್ದು ಅಚ್ಚಿನ ತಪ್ಪೇ ಎಂಬುದು ಎರಡನೆಯದು.

ಮಾನ್ಯರೇ,

ಎರಡನೆಯ ಪ್ರಶ್ನೆಯಿಂದಲೇ ಆರಂಭಿಸುತ್ತೇನೆ. ಅದು ಅಚ್ಚಿನ ತಪ್ಪಲ್ಲ. 1821ಕ್ಕೆ ಮುಂಚೆ ಕಾರ್ನ್‌ವಾಲಿನ 21 ಬರೋಗಳು, ಅಂದರೆ ಪ್ರತಿನಿಧಿಗಳನ್ನು ಆರಿಸುವ ಹಕ್ಕಿದ್ದ ಪಟ್ಟಣಗಳು, ತಲಾ ಇಬ್ಬರನ್ನೂ, ಇಡೀ ಕೌಂಟಿ ಇನ್ನಿಬ್ಬರನ್ನೂ ಸಂಸತ್ತಿನ ಕೆಳಮನೆಯಾದ ಕಾಮನ್ಸ್ ಸಭೆಗೆ ಕಳುಹಿಸುತ್ತಿದ್ದವು. ಅದೇ ಕಾಲದಲ್ಲಿ ಇಡೀ ಸ್ಕಾಟ್ಲೆಂಡಿಗೆ ಇದ್ದದ್ದು 45 ಸ್ಥಾನಗಳು ಎಂಬುದನ್ನು ಪಕ್ಕದಲ್ಲಿಟ್ಟು ನೋಡಿದರೆ ಆ ಏರ್ಪಾಡಿನ ವಿಚಿತ್ರ ಮನವರಿಕೆಯಾಗುತ್ತದೆ. ಒಂದೇ ನದಿಯ ಆಚೆ ದಡದ ಈಸ್ಟ್ ಲೂ, ಈಚೆ ದಡದ ವೆಸ್ಟ್ ಲೂ ಎಂಬ ಎರಡು ಪುಟ್ಟ ಊರುಗಳು ಸೇರಿ ನಾಲ್ವರನ್ನು ಆರಿಸುತ್ತಿದ್ದವು. ಈ ಬರೋಗಳಲ್ಲಿ ಹಲವು ಟ್ಯೂಡರ್ ಅರಸರ ಕಾಲದಲ್ಲಿ ಹುಟ್ಟಿದವು. ಅವುಗಳ ಹಿಂದೆ ಇದ್ದದ್ದು ಜನಸಂಖ್ಯೆಯ ಲೆಕ್ಕವಲ್ಲ, ಅರಮನೆಯ ಪ್ರಭಾವ ನಡೆಯುವ ಸ್ಥಾನಗಳು ಬೇಕೆಂಬ ಲೆಕ್ಕ. ಮತಗಳ ಮಾರಾಟಕ್ಕೆ ಕುಖ್ಯಾತವಾದ ಗ್ರಾಂಪೌಂಡ್ 1821ರಲ್ಲಿ ತನ್ನ ಹಕ್ಕನ್ನು ಕಳೆದುಕೊಂಡಿತು. ಅದರ ಎರಡು ಸ್ಥಾನಗಳು ಯಾರ್ಕ್‌ಶೈರಿಗೆ ಹೋದವು. 1832ರ ಸುಧಾರಣಾ ಕಾಯಿದೆಯ ನಂತರ ಕಾರ್ನ್‌ವಾಲಿಗೆ 14 ಸ್ಥಾನಗಳು ಉಳಿದವು, 1885ರಲ್ಲಿ 7, 1918ರಲ್ಲಿ 5. ಆ ಐದು 2010ರಲ್ಲಿ ಆರಾದವು.

ಇನ್ನು ತಮ್ಮ ಮುಖ್ಯ ಆಕ್ಷೇಪ. ‘ಭದ್ರಕೋಟೆ’ ಎಂಬ ಮಾತನ್ನು ನಾವು ಹಿಂತೆಗೆದುಕೊಳ್ಳುತ್ತೇವೆ. ಆದರೆ ತಾವು ಕೊಟ್ಟ ಕಾರಣಕ್ಕಿಂತ ಹಳೆಯ ಕಾರಣವೊಂದು ಇದೆ: 1929ರಲ್ಲಿ ಐದಕ್ಕೆ ಐದೂ ಸ್ಥಾನಗಳನ್ನು ಲಿಬರಲ್ಲರಿಗೆ ಕೊಟ್ಟ ಇದೇ ಕೌಂಟಿ 1950ರಿಂದ 1964ರವರೆಗೆ ಆ ಪಕ್ಷದ ಒಬ್ಬ ಸಂಸದನನ್ನೂ ಆರಿಸಲಿಲ್ಲ. 2005ರಲ್ಲಿ ಐದಕ್ಕೆ ಐದೂ ಲಿಬರಲ್ಲರ ಉತ್ತರಾಧಿಕಾರಿಗಳಾದ ಲಿಬರಲ್ ಡೆಮಾಕ್ರಾಟರ ಪಾಲಾದವು. ಹತ್ತೇ ವರ್ಷದಲ್ಲಿ ಆರಕ್ಕೆ ಆರೂ ಕನ್ಸರ್ವೇಟಿವರ ಪಾಲಾದವು. ಹೀಗೆ ಸಾರಾಸಗಟಾಗಿ ಕೈಬದಲಾಗುವುದನ್ನು ಕೋಟೆ ಎನ್ನುವುದು ಸರಿಯಲ್ಲ.

ಹಾಗಾದರೆ ಅಲ್ಲಿಯ ಮತದಾರ ಚಂಚಲನೇ? ನನಗೆ ಹಾಗೆ ಅನಿಸುವುದಿಲ್ಲ. ಅತಿ ಹೆಚ್ಚು ಮತ ಪಡೆದವನೇ ಗೆಲ್ಲುವ, ನಮಗೂ ಚಿರಪರಿಚಿತವಾದ ಪದ್ಧತಿಯಲ್ಲಿ ಸ್ಥಾನಗಳು ಕುಣಿಯುವಷ್ಟು ಮತಗಳು ಕುಣಿಯುವುದಿಲ್ಲ. 1974ರ ಫೆಬ್ರವರಿಯಲ್ಲಿ ಬಾಡ್ಮಿನ್ ಕ್ಷೇತ್ರವನ್ನು ಲಿಬರಲ್ ಅಭ್ಯರ್ಥಿ ಪಾಲ್ ಟೈಲರ್ ಗೆದ್ದದ್ದು 9 ಮತಗಳ ಅಂತರದಿಂದ. ಅಕ್ಟೋಬರಿನಲ್ಲಿ ಮತ್ತೆ ಚುನಾವಣೆ ನಡೆದಾಗ ಅವರು ಸೋತರು. ಆದರೆ ಅದೇ ಅಕ್ಟೋಬರಿನಲ್ಲಿ ಟ್ರೂರೋ ಕ್ಷೇತ್ರವನ್ನು ಅದೇ ಪಕ್ಷದ ಡೇವಿಡ್ ಪೆನ್‌ಹಾಲಿಗನ್ 464 ಮತಗಳಿಂದ ಗೆದ್ದುಕೊಂಡರು. ಆಡುಮಾತಿನ ಸೊಗಸಿಗೂ ಊರಿನ ಮೇಲಿನ ಮಮತೆಗೂ ಹೆಸರಾದ ಅವರು 1986ರ ಡಿಸೆಂಬರಿನಲ್ಲಿ ರಸ್ತೆ ಅಪಘಾತದಲ್ಲಿ ತೀರಿಕೊಂಡಾಗ, ಮರುವರ್ಷದ ಉಪಚುನಾವಣೆಯಲ್ಲಿ ಆ ಸ್ಥಾನ ಅವರ ಪಕ್ಷದಲ್ಲೇ ಉಳಿಯಿತು. 2010ರಲ್ಲಿ ಕ್ಯಾಂಬೋರ್ನ್ ಮತ್ತು ರೆಡ್ರೂತ್ ಕ್ಷೇತ್ರ ಕನ್ಸರ್ವೇಟಿವರಿಗೆ ದಕ್ಕಿದ್ದು 66 ಮತಗಳಿಂದ. 2017ರಲ್ಲಿ ಸೇಂಟ್ ಐವ್ಸ್ ಅವರ ಕೈಯಲ್ಲೇ ಉಳಿದದ್ದು 312 ಮತಗಳಿಂದ. ಆರಕ್ಕೆ ಆರು ಎಂಬ ಅಂಕೆಯ ಒಳಗೆ ಇಂಥ ಕೂದಲೆಳೆಯ ಗೆಲುವುಗಳೂ ಇರುತ್ತವೆ ಎಂಬುದನ್ನು ನಮ್ಮ ಲೇಖನ ಹೇಳಬೇಕಿತ್ತು, ಹೇಳಲಿಲ್ಲ.

ಸ್ಥಿರವಾಗಿ ಉಳಿದಿರುವುದು ಇನ್ನೊಂದು: ಕನ್ಸರ್ವೇಟಿವರಿಗೆ ಎದುರು ನಿಲ್ಲುವ ದೊಡ್ಡ ಮತವರ್ಗ. ಅದರ ಬೇರು ಮೆಥಡಿಸ್ಟ್ ಎಂಬ ಕ್ರೈಸ್ತ ಪಂಥದಲ್ಲಿದೆ. 1743ರಿಂದ ಅದರ ಸ್ಥಾಪಕ ಜಾನ್ ವೆಸ್ಲಿ ಮತ್ತೆ ಮತ್ತೆ ಬಂದು ಬೋಧಿಸಿದ ಈ ನಾಡಿನಲ್ಲಿ ಗಣಿಕಾರ್ಮಿಕರೂ ಮೀನುಗಾರರೂ ಸಣ್ಣ ರೈತರೂ ಆ ಪಂಥದ ಪ್ರಾರ್ಥನಾ ಮಂದಿರಗಳಾದ ಚಾಪೆಲುಗಳಲ್ಲಿ ಸೇರಿದರು; ಅಧಿಕೃತ ಆಂಗ್ಲಿಕನ್ ಚರ್ಚು ಮತ್ತು ಜಮೀನ್ದಾರರ ಪಕ್ಷ ಟೋರಿ (ಕನ್ಸರ್ವೇಟಿವ್) ಆಗಿದ್ದರೆ, ಚಾಪೆಲಿನ ಪಕ್ಷ ಲಿಬರಲ್ ಆಯಿತು. ಆದರೆ ಆ ಎದುರು ಮತವನ್ನು ಯಾರು ಪಡೆಯುತ್ತಾರೆ ಎಂಬುದು ಕ್ಷೇತ್ರದಿಂದ ಕ್ಷೇತ್ರಕ್ಕೆ ಬೇರೆ. ತವರ, ತಾಮ್ರದ ಗಣಿಗಳ ಕ್ಯಾಂಬೋರ್ನ್ ಸೀಮೆಯಲ್ಲಿ ಲೇಬರ್ ಪಕ್ಷಕ್ಕೆ ಹಳೆಯ ನೆಲೆಯಿತ್ತು. ಫಾಲ್ಮತ್ ಮತ್ತು ಕ್ಯಾಂಬೋರ್ನ್ ಕ್ಷೇತ್ರ 1950ರಿಂದ 1970ರವರೆಗೂ ಮತ್ತೆ 1997ರಿಂದ 2005ರವರೆಗೂ ಅದರದ್ದಾಗಿತ್ತು. ತಮ್ಮ ಮುತ್ತಾತನ ಕ್ಯಾಪ್ಟನ್ ಬಹುಶಃ ಈ ಸೀಮೆಯವನೇ ಇರಬೇಕು, ಏಕೆಂದರೆ ಗಣಿಯ ಮೇಲ್ವಿಚಾರಕನನ್ನು ಕ್ಯಾಪ್ಟನ್ ಎನ್ನುವುದು ಅಲ್ಲಿಯ ರೂಢಿ.

2015ರಲ್ಲಿ ಈ ಎದುರು ಮತ ಚದುರಿತು. ಐದು ವರ್ಷ ಕನ್ಸರ್ವೇಟಿವರ ಜೊತೆಗೇ ಸಮ್ಮಿಶ್ರ ಸರ್ಕಾರ ನಡೆಸಿದ ಲಿಬರಲ್ ಡೆಮಾಕ್ರಾಟರಿಗೆ, ಕನ್ಸರ್ವೇಟಿವರನ್ನು ತಡೆಯಲೆಂದೇ ಮತ ಹಾಕಿದವರು ಮತ್ತೆ ಏಕೆ ಹಾಕಬೇಕು? ಮರುವರ್ಷದ ಜನಮತಗಣನೆಯಲ್ಲಿ, ಯುರೋಪಿನ ಒಕ್ಕೂಟದಿಂದ ಅತಿ ಹೆಚ್ಚಿನ ಪ್ರಮಾಣದ ನೆರವು ಪಡೆದ ಪ್ರದೇಶಗಳಲ್ಲೊಂದಾದ ಕಾರ್ನ್‌ವಾಲ್ ಶೇ. 56ಕ್ಕೂ ಮಿಕ್ಕಿ ಮತಗಳಿಂದ ಒಕ್ಕೂಟವನ್ನು ಬಿಡಬೇಕೆಂದಿತು. ಯುರೋಪ್ ಪರವಾದ ಪಕ್ಷಕ್ಕೆ ಅದು ಇನ್ನೊಂದು ಏಟು. 2024ರಲ್ಲಿ ಕನ್ಸರ್ವೇಟಿವರು ಆರನ್ನೂ ಕಳೆದುಕೊಂಡಾಗ ನಾಲ್ಕು ಲೇಬರಿಗೆ, ನಾರ್ತ್ ಕಾರ್ನ್‌ವಾಲ್ ಮತ್ತು ಸೇಂಟ್ ಐವ್ಸ್ ಲಿಬರಲ್ ಡೆಮಾಕ್ರಾಟರಿಗೆ ಹೋದವು. ಅದಕ್ಕೂ ಮುನ್ನ ಯಾವ ಸಾರ್ವತ್ರಿಕ ಚುನಾವಣೆಯಲ್ಲೂ ಲೇಬರ್ ಅಲ್ಲಿ ಒಂದಕ್ಕಿಂತ ಹೆಚ್ಚು ಸ್ಥಾನ ಗೆದ್ದಿರಲಿಲ್ಲ.

ತಾವು ಕೇಳದಿದ್ದರೂ ಒಂದು ವಿಷಯ ಸೇರಿಸಬೇಕು, ಏಕೆಂದರೆ ಸ್ಥಾನಗಳ ಸಂಖ್ಯೆಯ ಮಾತು ಅದಿಲ್ಲದೆ ಮುಗಿಯದು. ಸದನವನ್ನು 650ರಿಂದ 600ಕ್ಕೆ ಇಳಿಸಿ, ಪ್ರತಿ ಕ್ಷೇತ್ರದ ಮತದಾರರ ಸಂಖ್ಯೆ ಸರಾಸರಿಗಿಂತ ಶೇ. 5ಕ್ಕಿಂತ ಆಚೀಚೆ ಆಗಕೂಡದೆಂದು 2011ರ ಕಾಯಿದೆ ವಿಧಿಸಿತು. ಆ ಲೆಕ್ಕಕ್ಕೆ ಕಾರ್ನ್‌ವಾಲ್ ಇಡಿಯಾಗಿ ಹೊಂದದೆ, ಟೇಮರ್ ನದಿಯಾಚೆಯ ಡೆವನ್ ಕೌಂಟಿಯ ಒಂದು ತುಂಡನ್ನು ಸೇರಿಸಿದ ಕ್ಷೇತ್ರ ಮಾಡಬೇಕಾಗುತ್ತಿತ್ತು. ಜನ ಅದಕ್ಕೆ ‘ಡೆವನ್‌ವಾಲ್’ ಎಂದು ಅಣಕದ ಹೆಸರಿಟ್ಟರು; ಕಾಯಿದೆ ಮಸೂದೆಯಾಗಿದ್ದಾಗಲೇ, 2010ರ ಅಕ್ಟೋಬರಿನಲ್ಲಿ, ನದಿಯ ದಡದ ಸಾಲ್ಟ್ಯಾಶಿನಲ್ಲಿ ಸಭೆ ಸೇರಿ ಪ್ರತಿಭಟಿಸಿದರು. ಅದು ಟೇಮರ್, ಅಮೆಜಾನ್ ಅಲ್ಲವಲ್ಲ ಎಂದು ಪ್ರಧಾನಿ ಕ್ಯಾಮರನ್ ಹಗುರವಾಗಿ ಆಡಿದ ಮಾತನ್ನು ಅಲ್ಲಿಯವರು ಹಗುರವಾಗಿ ತೆಗೆದುಕೊಳ್ಳಲಿಲ್ಲ. ತಮ್ಮದು ಇಂಗ್ಲೆಂಡಿನ ಇನ್ನೊಂದು ಕೌಂಟಿಯಷ್ಟೇ ಅಲ್ಲ, ಬೇರೆ ನುಡಿಯಿದ್ದ ಬೇರೆ ನಾಡು ಎಂಬ ಭಾವನೆ ಅವರದು. 2014ರಲ್ಲಿ ಸರ್ಕಾರವೂ ಅವರನ್ನು ರಾಷ್ಟ್ರೀಯ ಅಲ್ಪಸಂಖ್ಯಾತರೆಂದು ಮಾನ್ಯ ಮಾಡಿತು. ಕೊನೆಗೆ ಕಾರ್ನ್‌ವಾಲಿನ ಗಡಿಯನ್ನು ಉಳಿಸಿದ್ದು ಭಾವನೆಗಿಂತ ಅಂಕಗಣಿತವೇ: 2020ರ ಕಾಯಿದೆ 650 ಸ್ಥಾನಗಳನ್ನು ಉಳಿಸಿಕೊಂಡಿತು, ಹೊಸ ಸರಾಸರಿಗೆ ಕಾರ್ನ್‌ವಾಲ್ ಸರಿಯಾಗಿ ಆರು ಕ್ಷೇತ್ರಗಳಾಗಿ ಹೊಂದಿಕೊಂಡಿತು. 2024ರಲ್ಲಿ ಮತದಾನ ನಡೆದದ್ದು ಈ ಆರಕ್ಕೇ, ನದಿಯ ಈಚೆಗೇ.

ಮೂಲ ಲೇಖನದ ತಿದ್ದುಪಡಿ ಇದೇ ಸಂಚಿಕೆಯ ಕೊನೆಯ ಪುಟದಲ್ಲಿದೆ.

— ಸಂಪಾದಕ