ವಿಲೀನದ ಉಳಿತಾಯವನ್ನು ಪಿಇಯಿಂದ ಗುಣಿಸಬೇಡಿ

ಪ್ರಶ್ನೆ: ನನ್ನ ಷೇರಿರುವ ಕಂಪನಿ ಇನ್ನೊಂದು ಕಂಪನಿಯನ್ನು ನಗದು ಕೊಟ್ಟು ಕೊಳ್ಳುತ್ತಿದೆ. ಮಾರುಕಟ್ಟೆ ಬೆಲೆಗಿಂತ 600 ಕೋಟಿ ಜಾಸ್ತಿ ಕೊಡುತ್ತಿದೆ. ವರ್ಷಕ್ಕೆ 100 ಕೋಟಿ ಸಿನರ್ಜಿ, ಅಂದರೆ ಎರಡು ಕಂಪನಿ ಒಂದಾಗುವುದರಿಂದ ಆಗುವ ಉಳಿತಾಯ, ಸಿಗುತ್ತದಂತೆ. ಪಿಇ (ಷೇರಿನ ಬೆಲೆ ವರ್ಷದ ಲಾಭದ ಎಷ್ಟು ಪಟ್ಟು ಎಂಬ ಲೆಕ್ಕ) 20. ಅಂದರೆ 2,000 ಕೋಟಿ ಬಂತು ಅಲ್ವಾ?

ಉತ್ತರ: ಬರಲಿಲ್ಲ. ಯಾವ ವಿಲೀನದ ಸುದ್ದಿ ಬಂದರೂ ಇದೇ ಗುಣಾಕಾರ ನನ್ನ ಮುಂದೆ ಬರುತ್ತದೆ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಯಬೇಡಿ.

100 ಕೋಟಿ ಎಂಬುದು ತೆರಿಗೆಗೆ ಮುಂಚಿನ ಲೆಕ್ಕ. ಕಾಲು ಭಾಗ ತೆರಿಗೆಗೆ ಹೋದರೆ 75. ಅದೂ ಮೊದಲ ದಿನವೇ ಸಿಗುವುದಿಲ್ಲ. ಎರಡು ಕಡೆಯ ಸಾಫ್ಟ್‌ವೇರ್ ಒಂದಾಗಬೇಕು, ಗೋದಾಮಿನ ಬಾಡಿಗೆ ಕರಾರು ಮುಗಿಯಬೇಕು. ಮೊದಲ ವರ್ಷ 25, ಎರಡನೇ ವರ್ಷ 50, ಆಮೇಲೆ ಪ್ರತಿ ವರ್ಷ 75 ಎಂದಿಟ್ಟುಕೊಳ್ಳಿ. ಮುಂದೆ ಬರುವ ದುಡ್ಡಿಗೆ ಇವತ್ತಿನ ದುಡ್ಡಿನಷ್ಟು ಬೆಲೆಯಿಲ್ಲ; ವರ್ಷಕ್ಕೆ 12% ದರದಲ್ಲಿ ಇವತ್ತಿನ ಬೆಲೆಗೆ ಇಳಿಸಿದರೆ ಸುಮಾರು 560 ಕೋಟಿ. ಕೆಲಸ ಬಿಡುವ ನೌಕರರ ಪರಿಹಾರ, ಹೊಸ ವ್ಯವಸ್ಥೆ ಅಂತ ಶುರುವಿನಲ್ಲೇ 150 ಕೋಟಿ ಖರ್ಚು. ಉಳಿದದ್ದು 410. ಕೊಟ್ಟದ್ದು 600. ಅಲ್ಲಿಗೆ ಸಿನರ್ಜಿ ಪೂರ್ತಿ ಮಾರಿದವರ ಪಾಲು, ಮೇಲೆ ನಿಮ್ಮಿಂದ 190 ಕೋಟಿ ದಕ್ಷಿಣೆ.

ಈ ಲೆಕ್ಕದಲ್ಲಿ 75 ಕೋಟಿ ಕೊನೆಯಿಲ್ಲದೆ ಬರುತ್ತದೆ ಎಂದುಕೊಂಡಿದ್ದೇನೆ. ನಾನೇ ಹಣ ಹಾಕುವುದಾದರೆ ಹತ್ತು ವರ್ಷಕ್ಕೆ ನಿಲ್ಲಿಸುತ್ತೇನೆ. ಪೈಪೋಟಿ ಇರುವ ಕಡೆ ಉಳಿತಾಯ ಕಂಪನಿಯ ಕೈಯಲ್ಲಿ ನಿಲ್ಲುವುದಿಲ್ಲ, ಬೆಲೆ ಇಳಿಸಲು ಕರಗುತ್ತದೆ.

ವೊಡಾಫೋನ್ ಮತ್ತು ಐಡಿಯಾ ನೋಡಿ. 2017ರ ಮಾರ್ಚ್‌ನಲ್ಲಿ ವಿಲೀನ ಪ್ರಕಟಿಸಿದಾಗ ಸಿನರ್ಜಿಯ ಇವತ್ತಿನ ಬೆಲೆ ಸುಮಾರು 67,000 ಕೋಟಿ ರೂಪಾಯಿ ಎಂದಿದ್ದರು. ನೆಟ್‌ವರ್ಕ್ ಒಂದಾಯಿತು, ಖರ್ಚು ಇಳಿಯಿತು. ಆದರೆ ಜಿಯೋ ಎದುರು ಗ್ರಾಹಕರು ಕೈಜಾರಿದರು. 2019ರ ಅಕ್ಟೋಬರ್‌ನಲ್ಲಿ ಎಜಿಆರ್ (ಸರ್ಕಾರಕ್ಕೆ ಶುಲ್ಕ ಕಟ್ಟಲು ಲೆಕ್ಕ ಹಿಡಿಯುವ ಟೆಲಿಕಾಂ ಆದಾಯ) ಕುರಿತ ಸುಪ್ರೀಂ ಕೋರ್ಟ್ ತೀರ್ಪಿನ ಹೊರೆಯೂ ಬಿತ್ತು. ಮೂಲ ವ್ಯಾಪಾರ ಏನಾಗುತ್ತಿದೆ ಎಂದು ಮೊದಲು ನೋಡಿ. ಸಿನರ್ಜಿ ಆಮೇಲೆ.

ಪ್ರಶ್ನೆ: ಇಬ್ಬರ ಸರಕನ್ನೂ ಇಬ್ಬರ ಗ್ರಾಹಕರಿಗೂ ಮಾರಿದರೆ ಬರುವ ಹೆಚ್ಚಿನ ವ್ಯಾಪಾರ?

ಉತ್ತರ: ನಾನು ಸೊನ್ನೆ ಹಾಕುತ್ತೇನೆ. ಅಮೆರಿಕದ ಕ್ವೇಕರ್ ಓಟ್ಸ್ ಇಂಥದೇ ಆಸೆಯಿಂದ 1994ರಲ್ಲಿ ಸ್ನ್ಯಾಪಲ್ ಎಂಬ ಪಾನೀಯ ಕಂಪನಿಗೆ 170 ಕೋಟಿ ಡಾಲರ್ ಕೊಟ್ಟು, 1997ರಲ್ಲಿ 30 ಕೋಟಿಗೆ ಮಾರಿತು.

ಪ್ರಶ್ನೆ: ವಿಲೀನದ ಸುದ್ದಿ ಮೊದಲೇ ಕೊಡುವ ಟೆಲಿಗ್ರಾಂ ಗುಂಪಿಗೆ ಸೇರಲಾ?

ಉತ್ತರ: ಬೇಡ. ಸುದ್ದಿ ಸುಳ್ಳಾದರೆ ದುಡ್ಡು ಹೋಗುತ್ತದೆ. ನಿಜವಾದರೆ ಅದು ಇನ್‌ಸೈಡರ್ ಟ್ರೇಡಿಂಗ್, ಅಂದರೆ ಕಂಪನಿಯ ಒಳಗುಟ್ಟು ತಿಳಿದು ಷೇರು ವ್ಯಾಪಾರ ಮಾಡುವ ಅಪರಾಧ; ಷೇರುಪೇಟೆ ನಿಯಂತ್ರಕ ಸೆಬಿಯ ನೋಟಿಸ್ ನಿಮ್ಮ ಮನೆಗೂ ಬರಬಹುದು.